ಕಾಲೇಜು ಮುಗಿಯುತ್ತಿದೆ, ಪ್ರಿಂಟ್ ಬ್ಯಾಲೆನ್ಸ್ ಉಳಿದಿದೆ. ಏನು ಮಾಡಲಿ?

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಕೊನೆ ಸೆಮಿಸ್ಟರ್‌ನಲ್ಲಿದ್ದೇನೆ. ಕಾಲೇಜಿನ ಪ್ರಿಂಟ್ ಖಾತೆಯಲ್ಲಿ ಇನ್ನೂ 200 ಪುಟದಷ್ಟು ಬ್ಯಾಲೆನ್ಸ್ ಇದೆ. ವಾಪಸ್ ಕೊಡುವುದಿಲ್ಲವಂತೆ. ಸುಮ್ನೆ ಬಿಡಲು ಮನಸ್ಸು ಬರುತ್ತಿಲ್ಲ. ಏನು ಪ್ರಿಂಟ್ ತೆಗೆದರೆ ಉಪಯೋಗ?

ಉತ್ತರ: ಮೊದಲು ಖಾತೆ ಯಾವತ್ತು ಮುಚ್ಚುತ್ತದೆ ಎಂದು ಲ್ಯಾಬ್‌ನಲ್ಲಿ ಕೇಳಿ. ನೋ ಡ್ಯೂಸ್ ಫಾರಂಗೆ ಸೀಲ್ ಬಿದ್ದ ದಿನವೇ ಮುಚ್ಚಬಹುದು. ಕೊನೆ ವಾರದವರೆಗೆ ಕಾಯಬೇಡಿ. ಆಗ ಎಲ್ಲರೂ ಪ್ರಾಜೆಕ್ಟ್ ರಿಪೋರ್ಟ್ ಹಿಡಿದು ಅದೇ ಪ್ರಿಂಟರ್ ಮುಂದೆ ನಿಂತಿರುತ್ತಾರೆ. ದುಡ್ಡು ಕಟ್ ಆಗುವುದು ಹಾಳೆಗೋ, ಪುಟಕ್ಕೋ ಎಂದೂ ಕೇಳಿಕೊಳ್ಳಿ. ಪುಟದ ಲೆಕ್ಕವಾದರೆ, ಹಾಳೆಯ ಎರಡೂ ಕಡೆ ಪ್ರಿಂಟ್ ತೆಗೆದರೂ ಬ್ಯಾಲೆನ್ಸ್ ಉಳಿಯುವುದಿಲ್ಲ. ಒಂದೇ ಪುಟದಲ್ಲಿ ಎರಡು ಪುಟ ಕೂರಿಸಿದರೆ ಮಾತ್ರ ನಿಮ್ಮ 200 ಪುಟದಲ್ಲಿ 400 ಪುಟದ ವಿಷಯ ಹಿಡಿಯುತ್ತದೆ.

ನಾನಾದರೆ ದಾಖಲೆಗಳಿಂದ ಶುರು ಮಾಡುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ, ಇದುವರೆಗಿನ ಸೆಮಿಸ್ಟರ್‌ಗಳ ಅಂಕಪಟ್ಟಿ, ನಾಡಕಚೇರಿಯಲ್ಲಿ ಮಾಡಿಸಿದ ಜಾತಿ, ಆದಾಯ ಪ್ರಮಾಣಪತ್ರ. ಇವುಗಳ ನಾಲ್ಕು ಸೆಟ್ ಸಾಕು. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುವುದೇ ಜಾಸ್ತಿ, ಅದನ್ನು ಎರಡು ಹೆಚ್ಚಿಗೆ ತೆಗೆಯಿರಿ. ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಸ್ಪಷ್ಟವಾಗಿ ಬಂದಿದೆಯೇ ನೋಡಿ. ಆನ್‌ಲೈನ್ ಅರ್ಜಿಯಲ್ಲಿ ಕೇಳುವುದು ಅದನ್ನೇ. ರೆಸ್ಯೂಮೆ ಮಾತ್ರ ಐದಾರು ಪ್ರತಿಗಿಂತ ಜಾಸ್ತಿ ಬೇಡ. ಕೊನೆ ಸೆಮಿಸ್ಟರ್ ಫಲಿತಾಂಶ ಬಂದ ದಿನ ಅದು ಹಳೆಯದಾಗುತ್ತದೆ.

ಆಧಾರ್ ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ತೆಗೆಯಿರಿ. ಕೆಲಸ ಮುಗಿದ ಮೇಲೆ ಲ್ಯಾಬ್ ಕಂಪ್ಯೂಟರ್‌ನಿಂದ ಫೈಲ್ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ, ಮೇಲ್‌ನಿಂದ ಲಾಗ್‌ಔಟ್ ಆಗಿ. ಇದನ್ನು ದಯವಿಟ್ಟು ಮರೆಯಬೇಡಿ. ನಿಮ್ಮ ನಂತರ ಅದೇ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಗೊತ್ತಿಲ್ಲ, ಅಲ್ವಾ?

ಲ್ಯಾಬ್‌ನಲ್ಲಿರುವುದು ಲೇಸರ್ ಪ್ರಿಂಟರ್ ಆದರೆ ಇನ್ನೊಂದು ಲಾಭ ಇದೆ. ಅದರ ಟೋನರ್ ಪುಡಿ ಬಿಸಿಗೆ ಕರಗಿ ಹಾಳೆಗೆ ಅಂಟಿಕೊಳ್ಳುತ್ತದೆ. ಮಳೆ ಹನಿ ಬಿದ್ದರೆ ಇಂಕ್‌ಜೆಟ್ ಅಕ್ಷರ ಹರಡುವ ಹಾಗೆ ಇದು ಹರಡುವುದಿಲ್ಲ. ನಮ್ಮ ಕಡೆಯ ಜುಲೈ ತಿಂಗಳಲ್ಲಿ ಸಂದರ್ಶನಕ್ಕೆ ಬಸ್ ಹತ್ತಿದವರಿಗೆ ಇದರ ಬೆಲೆ ಗೊತ್ತು. ಆದರೆ ಇಂಥ ಪ್ರತಿಗಳನ್ನು ವರ್ಷಗಟ್ಟಲೆ ಅಗ್ಗದ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟರೆ ಅಕ್ಷರ ಕವರಿಗೇ ಅಂಟಿ ಬರಬಹುದು. ಕಾಗದದ ಫೈಲ್ ಒಳ್ಳೆಯದು.

ಇನ್ನು ಪರೀಕ್ಷೆ ಬರೆಯುವವರ ವಿಷಯ. ಎಂ.ಟೆಕ್ ಸೀಟಿಗೆ ಕೇಳುವ ಗೇಟ್ ಪರೀಕ್ಷೆ ಬರೆಯುವುದಿದ್ದರೆ ಹಳೆ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಬೇಡಿ. ಅದು ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. 65 ಪ್ರಶ್ನೆ, 3 ಗಂಟೆ. ಅಭ್ಯಾಸವೂ ಪರದೆ ಮೇಲೆಯೇ ಆಗಲಿ. ಕೆಎಎಸ್ ಪ್ರಿಲಿಮ್ಸ್ ಹಾಗಲ್ಲ. ಕೈಯಲ್ಲಿ ಪೆನ್ನು ಹಿಡಿದು ಓಎಂಆರ್ ಹಾಳೆಯಲ್ಲಿ ಉತ್ತರದ ವೃತ್ತ ತುಂಬಬೇಕು. ಎರಡು ಪೇಪರ್, ಒಂದೊಂದರಲ್ಲೂ 100 ಪ್ರಶ್ನೆ, 200 ಅಂಕ. ಅದರ ಹಳೆ ಪ್ರಶ್ನೆಪತ್ರಿಕೆಗಳಿಗೆ ಬ್ಯಾಲೆನ್ಸ್‌ನ ಅರ್ಧ ಹೋದರೂ ನಷ್ಟವಿಲ್ಲ. ಹತ್ತಿಪ್ಪತ್ತು ಖಾಲಿ ಓಎಂಆರ್ ಮಾದರಿಗಳನ್ನೂ ತೆಗೆದುಕೊಳ್ಳಿ.

ಬ್ಯಾಲೆನ್ಸ್ ಇದೆ ಎಂದು ನೋಟ್ಸ್ ಎಲ್ಲ ಪ್ರಿಂಟ್ ಮಾಡುವವರನ್ನು ನೋಡಿದ್ದೇನೆ. ಆ ಕಟ್ಟು ಅಟ್ಟಕ್ಕೆ ಹೋಗುತ್ತದೆ. ಅದರ ಬದಲು ಬ್ಯಾಲೆನ್ಸ್ ಹೋದರೂ ಪರವಾಗಿಲ್ಲ, ಕಾಗದವಾದರೂ ಉಳಿಯುತ್ತದೆ.

ಆದರೆ ಮನೆಯವರಿಗೆ ಒಂದಿಪ್ಪತ್ತು ಪುಟ ಇಡಿ. ನನಗೆ ತುಂಬಾ ಇಷ್ಟದ ಭಾಗ ಇದೇ. ಸಕಲೇಶಪುರ, ಮೂಡಿಗೆರೆ ಕಡೆಯ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಅದರ ಹಿಂದೆಯೇ ಫೋನ್ ಚಾರ್ಜ್ ಕೂಡ ಹೋಗುತ್ತದೆ. ಫೋನ್‌ನಲ್ಲಿದ್ದ ನಂಬರ್‌ಗಳೂ ಅದರ ಜೊತೆಗೇ ಹೋದ ಹಾಗೆ. ಹಾಗಾಗಿ ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ನಂಬರ್‌ಗಳನ್ನು ಹಾಕಿ: ನಿಮ್ಮದು, ಪಕ್ಕದ ಮನೆಯವರದು, ಡಾಕ್ಟರದು, ಆಂಬುಲೆನ್ಸ್ 108, ತುರ್ತಿಗೆ 112, ಕರೆಂಟ್ ದೂರಿಗೆ 1912. ಹಾಸನದ ಚೆಸ್ಕಾಂಗೂ ಚಿಕ್ಕಮಗಳೂರಿನ ಮೆಸ್ಕಾಂಗೂ ಅದೇ 1912. ಇನ್ನೊಂದು ಹಾಳೆಯಲ್ಲಿ ಅಜ್ಜಿಯ ಮಾತ್ರೆಗಳ ಪಟ್ಟಿ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಊಟಕ್ಕೆ ಮುಂಚೆಯೋ ಆಮೇಲೋ. ಡಾಕ್ಟರ ಚೀಟಿ ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ.

ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಟೈಪ್ ಮಾಡಿದರೆ ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಹೋಗಿ. ಹಳೆ ನುಡಿ ಫಾಂಟ್ ಲ್ಯಾಬ್ ಕಂಪ್ಯೂಟರ್‌ನಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ.

ನಂಬರ್ ಪಟ್ಟಿಯದು ಎರಡು ಪ್ರತಿ ಇರಲಿ. ಒಂದು ಅಡುಗೆಮನೆ ಬಾಗಿಲಿಗೆ, ಇನ್ನೊಂದು ಮಡಚಿ ಅಜ್ಜಿಯ ಎಲೆಅಡಿಕೆ ಸಂಚಿಗೆ.