ಹೊಟ್ಟೆ ತುಂಬಿದರೂ ಬೆಳೆಯದ ಮಕ್ಕಳು

ಜನವರಿಯ ಒಂದು ಬೆಳಿಗ್ಗೆ, ಕೊಡಗಿನ ಪೊನ್ನಂಪೇಟೆ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ ಕಾರ್ಮಿಕರ ಲೈನ್ ಮನೆಗಳ ಮುಂದೆ ಮಕ್ಕಳ ತಪಾಸಣೆ ನಡೆಸುತ್ತಿದ್ದಾಗ, ಎಂಟು ವರ್ಷದ ಹುಡುಗಿಯೊಬ್ಬಳು ಹದಿನಾಲ್ಕು ತಿಂಗಳ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ತಾಯಿ ಕೊಯ್ಲಿಗೆ ಹೋಗಿದ್ದಳು. ಮಗುವಿನ ತೂಕ 6.8 ಕಿಲೋ, ಆ ವಯಸ್ಸಿನ ಹೆಣ್ಣುಮಗು ಸಾಮಾನ್ಯವಾಗಿ 9 ಕಿಲೋ ದಾಟಿರುತ್ತದೆ. ತೋಳಿನ ಸುತ್ತಳತೆಯ ಪಟ್ಟಿ 11.2 ಸೆಂಟಿಮೀಟರಿಗೆ, ಅಂದರೆ ತೀವ್ರ ಅಪೌಷ್ಟಿಕತೆಯ ಕೆಂಪು ಬಣ್ಣದಲ್ಲಿ, ನಿಂತಿತು. ಹಿಂದೆಯೇ ಬಂದ ಅಜ್ಜಿಯನ್ನು ಊಟದ ಬಗ್ಗೆ ಕೇಳಿದೆ. "ಹೊಟ್ಟೆ ತುಂಬ ಗಂಜಿ ಕುಡೀತಾಳೆ ಮೇಡಂ, ಸಾಕು ಅನ್ನೋವರೆಗೂ ಕೊಡ್ತೀವಿ" ಎಂದರು.

ಅಜ್ಜಿ ಹೇಳಿದ್ದು ಸುಳ್ಳಲ್ಲ. ಬುಡಕಟ್ಟು ಜನರ ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ನಾನು ನೋಡುವ ಅಪೌಷ್ಟಿಕತೆಯಲ್ಲಿ ಮಗುವನ್ನು ಹಸಿದಿರಲು ಬಿಟ್ಟ ಮನೆಗಳು ಕಡಿಮೆ. ತೆಳ್ಳಗಿನದನ್ನು ಎರಡೇ ಹೊತ್ತು ಕುಡಿಸಿ ಹೊಟ್ಟೆ ತುಂಬಿಸಿದ ಮನೆಗಳೇ ಹೆಚ್ಚು. ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್, ಅಂದರೆ ಈ ಮಗುವಿಗೆ ಒಂದು ಲೋಟ. ಅಷ್ಟು ತಿಳಿಗಂಜಿಯಲ್ಲಿ ಇರುವುದು ಹೆಚ್ಚೆಂದರೆ 60-70 ಕ್ಯಾಲೊರಿ. ಒಂದರಿಂದ ಎರಡು ವರ್ಷದ ಮಗುವಿಗೆ, ಎದೆಹಾಲು ಸಿಗುತ್ತಿದ್ದರೂ, ಉಳಿದ ಆಹಾರದಿಂದ ದಿನಕ್ಕೆ ಸುಮಾರು 550 ಕ್ಯಾಲೊರಿ ಬರಬೇಕು. ಬರಿಯ ಗಂಜಿಯಿಂದ ಅದನ್ನು ತುಂಬಿಸಲು ಎಂಟು ಲೋಟ ಬೇಕಾದೀತು. ಮಗು ಎರಡು ಲೋಟಕ್ಕೆ ಮುಖ ತಿರುಗಿಸಿರುತ್ತದೆ. ನಡುವೆ ಅಳು ನಿಲ್ಲಿಸಲು ಬೆಲ್ಲದ ಕಪ್ಪು ಕಾಫಿಯಲ್ಲಿ ಅದ್ದಿದ ಬಿಸ್ಕತ್ತು. ಕಾಫಿ ಹಸಿವನ್ನು ಕೊಲ್ಲುವುದಲ್ಲದೆ ಆಹಾರದಲ್ಲಿರುವ ಅಲ್ಪಸ್ವಲ್ಪ ಕಬ್ಬಿಣಾಂಶವನ್ನೂ ಮೈಗೆ ಹತ್ತದಂತೆ ಮಾಡುತ್ತದೆ. (ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಇದನ್ನು ಹೇಳಿ ನಾನು ಬೈಗುಳ ತಿಂದದ್ದೂ ಇದೆ.)

ಆದ್ದರಿಂದ ಆ ದಿನ ಔಷಧಿ ಚೀಟಿಗಿಂತ ಮೊದಲು ಒಲೆಯ ಹತ್ತಿರ ಕೂತೆವು. ಗಂಜಿಯ ನೀರನ್ನು ಬಸಿದು, ಕೆಳಗಿನ ಅನ್ನವನ್ನು ಬೆಂದ ಬೇಳೆಯೊಡನೆ ಕಿವುಚಿ, ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಮಾಡಿ, ಮೇಲೆ ಒಂದು ಚಹಾ ಚಮಚ ಅಡುಗೆ ಎಣ್ಣೆ ಹಾಕಿದೆವು. ಆ ಒಂದು ಚಮಚ ಎಣ್ಣೆಯೇ 45 ಕ್ಯಾಲೊರಿ. ಮುಕ್ಕಾಲು ಲೋಟ ಗಂಜಿಗೆ ಸಮ. ಮಗುವಿಗೆ ಎಣ್ಣೆ ಕೊಟ್ಟರೆ ಕೆಮ್ಮು ಬರುತ್ತದೆ ಎಂಬ ಅಜ್ಜಿಯ ಅಂಜಿಕೆಗೆ ನನ್ನ ವಾದಕ್ಕಿಂತ ಮಗು ಬಾಯಿ ಚಪ್ಪರಿಸಿ ತಿಂದದ್ದೇ ಒಳ್ಳೆಯ ಉತ್ತರವಾಯಿತು. ಹಾಗೆ ತಿಂದದ್ದು ನನಗೂ ಮುಖ್ಯವಾಗಿತ್ತು: ಹಸಿವು ಚೆನ್ನಾಗಿದ್ದು, ಪಾದಗಳಲ್ಲಿ ಬಾವು ಇಲ್ಲದೆ, ಜ್ವರ, ವಾಂತಿ, ಭೇದಿ ಇಲ್ಲದಿದ್ದರೆ ಇಂಥ ಮಗುವನ್ನು ಅಂಗನವಾಡಿಯ ನಿಗಾದಲ್ಲಿ ಊರಿನಲ್ಲೇ ಸುಧಾರಿಸಬಹುದು, ಹಸಿವು ಸತ್ತಿದ್ದರೆ ಅಥವಾ ಉಳಿದವುಗಳಲ್ಲಿ ಒಂದು ಕಂಡರೂ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ದಾಖಲಿಸಲೇಬೇಕು. ಅಲ್ಲಿ ಎರಡು ವಾರ ತಾಯಿಯೂ ಜೊತೆಗಿರಬೇಕು. ಕಾಫಿ ಹಣ್ಣನ್ನು ಕಿಲೋ ಲೆಕ್ಕದಲ್ಲಿ ಕೊಯ್ದು ವರ್ಷದ ಸಾಲ ತೀರಿಸಿಕೊಳ್ಳುವ ತಿಂಗಳುಗಳಲ್ಲಿ ಅದಕ್ಕೆ ಒಪ್ಪದ ತಾಯಂದಿರನ್ನು ಅಜ್ಞಾನಿಗಳೆಂದು ಬರೆಯುವ ವರದಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೊಯ್ಲಿನ ಕಾಲದಲ್ಲಿ ಕೂಲಿ ಸಿಗುತ್ತದೆ, ಉಣಿಸುವ ಕೈ ಇರುವುದಿಲ್ಲ. ಮಳೆಗಾಲದಲ್ಲಿ ತಾಯಿ ಮನೆಯಲ್ಲಿರುತ್ತಾಳೆ, ಕೂಲಿ ಇರುವುದಿಲ್ಲ. ಸರ್ಕಾರ ಹಾಡಿಯ ಕುಟುಂಬಗಳಿಗೆ ಕೊಡುವ ಬೇಳೆ, ಎಣ್ಣೆ, ಮೊಟ್ಟೆ ಮಳೆಗಾಲದಲ್ಲಿ ನಿಜವಾಗಿಯೂ ಆಸರೆ. ಆದರೆ ಚೀಲ ಮನೆಗೆ ಬಂದ ಮೇಲೆ ಅದರಲ್ಲಿ ಮಗುವಿನ ಪಾಲು ಯಾವುದು ಎಂದು ಬಿಡಿಸಿ ಹೇಳುವವರು ಬೇಕು. ಗದ್ದೆಯ ಏಡಿ, ತೋಡಿನ ಸಣ್ಣ ಮೀನು, ಕಾಡುಗೆಣಸು, ಸೊಪ್ಪು ಹಿಂದಿನಿಂದಲೂ ಇವರ ಊಟದಲ್ಲಿದ್ದವು. ಕಾಡಿನ ಹಾದಿ ಕಟ್ಟುನಿಟ್ಟಾದ ಮೇಲೆ ತಟ್ಟೆಯಲ್ಲಿ ಅನ್ನವೊಂದೇ ಉಳಿದಿದೆ.

ಹುಳುವಿಗೆ ಆಲ್ಬೆಂಡಜೋಲ್ ವರ್ಷಕ್ಕೆ ಎರಡು ಸಲ, ಒಂದರಿಂದ ಎರಡು ವರ್ಷದವರಿಗೆ ಅರ್ಧ ಮಾತ್ರೆ. ಇದು ಬಹುಪಾಲು ನಡೆಯುತ್ತಿದೆ. ರಕ್ತಹೀನತೆಯ ಮಾತು ಬೇರೆ. ವಾರಕ್ಕೆರಡು ಸಲ ಕಬ್ಬಿಣದ ಸಿರಪ್ ಕುಡಿಸಿದರೂ ಹಿಮೋಗ್ಲೋಬಿನ್ ಏರದಿದ್ದರೆ, ಮಗು ಪದೇ ಪದೇ ಕೈಕಾಲು ನೋವೆಂದು ಅತ್ತರೆ, ಬಾಟಲಿ ಬದಲಿಸುತ್ತ ಕೂರದೆ ಕುಡಗೋಲು ಕಣ (ಸಿಕಲ್ ಸೆಲ್) ರೋಗದ ಪರೀಕ್ಷೆ ಮಾಡಿಸಬೇಕು. ನಮ್ಮ ಯರವ ಮತ್ತು ಜೇನುಕುರುಬ ಸಮುದಾಯಗಳಲ್ಲಿ ಈ ಆನುವಂಶಿಕ ಕಾಯಿಲೆ ಇದೆ, ಅದಕ್ಕೆ ಕಬ್ಬಿಣ ಮದ್ದಲ್ಲ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದಿಂದ ಈ ಪರೀಕ್ಷೆ ಈಗ ಹಾಡಿಯವರೆಗೂ ಬರುತ್ತಿದೆ.

ಉಳಿದದ್ದು ಹಗಲಿನ ಪ್ರಶ್ನೆ. ಐವತ್ತು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಹತ್ತು ಹದಿನೈದು ಆಳುಗಳ ಸಣ್ಣ ತೋಟಗಳೇ ಹೆಚ್ಚಿರುವ ಕೊಡಗಿನಲ್ಲಿ ಆ ಸಂಖ್ಯೆ ತಲುಪುವುದು ಅಪರೂಪ. ಅಕ್ಕಪಕ್ಕದ ನಾಲ್ಕೈದು ತೋಟಗಳವರು ಸೇರಿ, ಕೊಯ್ಲಿನ ಮೂರು ತಿಂಗಳಾದರೂ ಒಬ್ಬ ಅಜ್ಜಿಗೆ ಕೂಲಿ ಕೊಟ್ಟು ಮಕ್ಕಳನ್ನು ಒಂದೆಡೆ ಉಣಿಸುವ ಏರ್ಪಾಡು ಮಾಡಿದರೆ ನಮ್ಮ ಯಾವ ಟಾನಿಕ್ಕೂ ಅದಕ್ಕೆ ಸಾಟಿಯಾಗದು. ಅಂಗನವಾಡಿ ಇದ್ದರೂ ಆನೆ ತಿರುಗುವ ದಾರಿಯಲ್ಲಿ ಮಗುವನ್ನು ಒಂಟಿಯಾಗಿ ಎತ್ತಿಕೊಂಡು ಹೋಗು ಎಂದು ಎಂಟು ವರ್ಷದವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅವಳಿಗೆ ಗೋಡೆಯ ಮೇಲೆ ಇದ್ದಿಲಿನಿಂದ ಐದು ಗೆರೆ ಎಳೆದು ತೋರಿಸಿದೆ. ಒಂದು ಸಲ ಉಣಿಸಿದರೆ ಒಂದು ಗೆರೆ ಅಳಿಸಬೇಕು. ಮೂರನೆಯ ವಾರ ಹೋದಾಗ ಪಟ್ಟಿ 11.8ಕ್ಕೆ, ಹಳದಿಗೆ, ಬಂದಿತ್ತು. ಅಕ್ಕ ಇನ್ನೂ ಶಾಲೆಗೆ ಹೋಗಿರಲಿಲ್ಲ. ರೊಬಸ್ಟಾ ಕೊಯ್ಲು ಮುಗಿಯಲು ಒಂದು ತಿಂಗಳು ಬಾಕಿ ಇತ್ತು.