ಬಿಸಿಲು ಜಾಸ್ತಿಯಾದರೆ ಸೊಳ್ಳೆ ಸಾಯಬೇಕಲ್ವಾ?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಬಿಸಿಲು ಏರುತ್ತಲೇ ಇದೆ. ಬೇಸಿಗೆಯಲ್ಲಿ ನೀರಿಗೂ ಪರದಾಟ. ಹಾಗಿದ್ದರೆ ಸೊಳ್ಳೆ ಕಮ್ಮಿಯಾಗಬೇಕಲ್ವಾ? ಡೆಂಗಿ ಯಾಕೆ ಬಿಡುತ್ತಿಲ್ಲ?

ಉತ್ತರ: 40 ಡಿಗ್ರಿ ಸುಡುವ ಊರಿನ ಮಟ್ಟಿಗೆ ನಿಮ್ಮ ಲೆಕ್ಕ ಸುಮಾರಾಗಿ ಸರಿ. ಅಷ್ಟು ಬಿಸಿಗೆ ಸೊಳ್ಳೆ ಬೇಗ ಸಾಯುತ್ತದೆ. ಬೆಂಗಳೂರು ಹಾಗಲ್ಲ. 900 ಮೀಟರ್ ಎತ್ತರದ ಊರು, ಮಳೆಗಾಲದಲ್ಲಿ ಸರಾಸರಿ 24 ಡಿಗ್ರಿ ಆಸುಪಾಸು. ಡೆಂಗಿ ಹರಡಲು ಹೇಳಿ ಮಾಡಿಸಿದ್ದು ಸುಮಾರು 29 ಡಿಗ್ರಿ. ಅಲ್ಲಿಯವರೆಗೆ ಬಿಸಿ ಏರಿದಷ್ಟೂ ಸೊಳ್ಳೆಗೆ ಹಬ್ಬ.

ಸೊಳ್ಳೆಗಿಂತ ವೈರಸ್ಸಿಗೇ ಜಾಸ್ತಿ ಲಾಭ. ಡೆಂಗಿ ಬಂದವರನ್ನು ಕಚ್ಚಿದ ಈಡಿಸ್ ಸೊಳ್ಳೆ ಕೂಡಲೇ ರೋಗ ಹಂಚಲಾರದು. ವೈರಸ್ಸು ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಬೇಕು. ಇದಕ್ಕೆ 25 ಡಿಗ್ರಿಯಲ್ಲಿ ಸುಮಾರು 15 ದಿನ ಬೇಕು, 30 ಡಿಗ್ರಿಯಲ್ಲಿ ಒಂದು ವಾರ ಸಾಕು. ಹೆಣ್ಣು ಸೊಳ್ಳೆಯ ಆಯಸ್ಸೇ ಎರಡು-ಮೂರು ವಾರ, ಎಷ್ಟೋ ಅದಕ್ಕೂ ಮೊದಲೇ ಸಾಯುತ್ತವೆ. ತಂಪಿದ್ದರೆ ವೈರಸ್ಸು ತಯಾರಾಗುವ ಹೊತ್ತಿಗೆ ಸೊಳ್ಳೆಯೇ ಇರುವುದಿಲ್ಲ. ಸೆಕೆಯಿದ್ದರೆ ಇನ್ನೂ ಬದುಕಿರುತ್ತದೆ, ಕಚ್ಚುತ್ತಲೂ ಇರುತ್ತದೆ. ನಮ್ಮೂರಿಗೆ ಫ್ಯಾನೇ ಬೇಡ ಅಂತ ಬೀಗುತ್ತಿದ್ದೆವಲ್ಲ, ಆ ತಂಪು ನಮ್ಮನ್ನು ಅಷ್ಟಿಷ್ಟು ಕಾಯುತ್ತಿತ್ತು.

ಇನ್ನು ನೀರಿನ ಮಾತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬಂದಾಗ ಸಿಕ್ಕಸಿಕ್ಕ ಡ್ರಮ್ಮು, ಬಕೆಟ್ಟಿಗೆಲ್ಲ ತುಂಬಿಟ್ಟುಕೊಂಡೆವು. ಈಡಿಸ್ ಹುಡುಕುವುದು ಅಂಥ ತಿಳಿನೀರನ್ನೇ, ಚರಂಡಿಯನ್ನಲ್ಲ. ಡ್ರಮ್ಮಿನ ಒಳಮೈಗೆ, ನೀರಿನ ಅಂಚಿಗಿಂತ ಚೂರು ಮೇಲೆ, ಸಾಸಿವೆಗಿಂತ ಸಣ್ಣ ಕಪ್ಪು ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಒಣಗಿದರೂ ಅವು ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ತಾಗಿದರೆ ಒಡೆದು ಹುಳು ಹೊರಬರುತ್ತದೆ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಒಳಗೋಡೆ ಉಜ್ಜಿ ತೊಳೆಯಬೇಕು ಅನ್ನುವುದು ಇದಕ್ಕೇ. ಹೀಗಾಗಿ ಬರವೂ ಸೊಳ್ಳೆಗೆ ಶತ್ರುವಲ್ಲ. ಜಡಿಮಳೆ ಹುಳುಗಳನ್ನು ಕೊಚ್ಚಿಕೊಂಡು ಹೋಗುತ್ತದೆ, ನಿಜ. ಆದರೆ ಮಳೆ ನಿಂತ ಮೇಲೆ ಉಳಿಯುವ ನೀರಿನಲ್ಲಿ ಹೊಸ ಸಂತಾನ ಶುರು.

ಹಾಗಂತ ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ಕಿಟಕಿಯಾಚೆಯ ಪೀಪಾಯಿಯಲ್ಲಿ ಸೊಳ್ಳೆಹುಳು ಕಂಡು ಅದನ್ನು ಬರಿದು ಮಾಡಿಸಿದ್ದರು. ಮನೆಯಲ್ಲಿ ಸೊಳ್ಳೆ ಕಮ್ಮಿಯಾಯಿತು. ಇವತ್ತು ಆ ಪೀಪಾಯಿಯ ಜಾಗದಲ್ಲಿ ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿಯಿದೆ, ತಾರಸಿಯ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ ದಂಡವನ್ನೂ ಗೊತ್ತು ಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ ಮನೆಯವರಿಗೆ 400 ರೂಪಾಯಿ, ಖಾಲಿ ಸೈಟು ಮತ್ತು ಕಟ್ಟಡ ಕೆಲಸದ ಜಾಗಕ್ಕೆ 2,000. ಕೋಟಿಗಟ್ಟಲೆಯ ಕಟ್ಟಡಕ್ಕೆ 2,000 ರೂಪಾಯಿ ಯಾವ ಮೂಲೆಗೆ?