ಡಬ್ಬಿಯಲ್ಲಿ ಸಿಕ್ಕ ಹಳೆ ನಾಣ್ಯ: ಮೊದಲು ಏನು ಮಾಡಬೇಕು?

ಪ್ರಶ್ನೆ: ಅಟ್ಟ ಖಾಲಿ ಮಾಡುವಾಗ ಅಜ್ಜಿಯ ಡಬ್ಬಿಯಲ್ಲಿ ಒಂದಷ್ಟು ಹಳೆ ನಾಣ್ಯಗಳು ಸಿಕ್ಕಿವೆ. ಕೆಲವು ಕಪ್ಪಾಗಿವೆ, ಕೆಲವಕ್ಕೆ ಕಿಲುಬು ಹಿಡಿದಿದೆ. ಇವುಗಳಿಂದಲೇ ಸಂಗ್ರಹ ಶುರು ಮಾಡೋಣ ಅಂತ ಆಸೆ. ಮೊದಲು ಏನು ಮಾಡಬೇಕು? ಇವಕ್ಕೆ ಎಷ್ಟು ಬೆಲೆ ಬರಬಹುದು?

ಉತ್ತರ: ಮೊದಲನೇ ಮಾತು, ದಯವಿಟ್ಟು ತೊಳೆಯಬೇಡಿ. ತಾಮ್ರದ ಕಾಲಾಣೆಗೆ ಹುಣಸೆಹಣ್ಣು ಹಾಕಿ ಉಜ್ಜಿದರೆ ಒಂದೇ ನಿಮಿಷದಲ್ಲಿ ಥಳಥಳ ಹೊಳೆಯುತ್ತದೆ, ನಿಜ. ಆದರೆ ಅಷ್ಟರಲ್ಲಿ ಹುಳಿ ನಾಣ್ಯದ ಮೇಲ್ಮೈಯನ್ನೇ ತಿಂದಿರುತ್ತದೆ. ಹತ್ತಾರು ವರ್ಷಗಳಲ್ಲಿ ತಾನಾಗಿ ಕಟ್ಟಿದ ಕಂದು ಪದರ ತಾಮ್ರವನ್ನು ಕಾಪಾಡುತ್ತದೆ, ಅದು ಹೋದರೆ ಮತ್ತೆ ಬರುವುದಿಲ್ಲ. ಬೆಳ್ಳಿಗೆ ವಿಭೂತಿ ಹಾಕಿ ತಿಕ್ಕುವುದೂ ಅಷ್ಟೇ ಕೆಟ್ಟದ್ದು. ಭೂತಗನ್ನಡಿ ಹಿಡಿದರೆ ಸಣ್ಣ ಗೀರುಗಳು ಎದ್ದು ಕಾಣುತ್ತವೆ. ಸಂಗ್ರಹಕಾರರು ಅಂಥದ್ದನ್ನು ನೋಡಿದ ಕೂಡಲೇ ಕೆಳಗಿಡುತ್ತಾರೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಲ್ಲಿ ನೆನೆಸಿಟ್ಟು, ಉಜ್ಜದೆ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಪುಡಿ ಪುಡಿಯಾದ ಹಸಿರು ಕಿಲುಬು ಇರುವುದನ್ನು ಬೇರೆ ಇಡಿ.

ಎರಡನೆಯದು, ಬೆಲೆ ಕೇಳುವ ಮುಂಚೆ ನಾಣ್ಯ ಓದುವುದನ್ನು ಕಲಿಯಿರಿ. ಇದನ್ನು ಕಲಿಯದೆ ಸಂಗ್ರಹಕ್ಕಿಳಿದವರು ಮೋಸ ಹೋಗುವುದೇ ಜಾಸ್ತಿ. ಕಲಿಯಲು ಡಬ್ಬಿಯೂ ಬೇಡ, ಜೇಬಿನಲ್ಲಿರುವ ಒಂದು ರೂಪಾಯಿ ಸಾಕು. ಇಸವಿಯ ಕೆಳಗೆ ನೋಡಿ. ಪುಟ್ಟ ವಜ್ರದಾಕಾರ ಇದ್ದರೆ ಮುಂಬೈ ಟಂಕಸಾಲೆಯದು, ಅಂದರೆ ಅಲ್ಲಿ ಅಚ್ಚಾದ ನಾಣ್ಯ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡು ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಒಂದೇ ವರ್ಷದ, ಒಂದೇ ಬೆಲೆಯ ನಾಣ್ಯದಲ್ಲೇ ನಾಲ್ಕು ಬಗೆ ಸಿಗಬಹುದು, ನೋಡಿ. ಅಂಗಡಿಯವರು ಕೊಡುವ ಚಿಲ್ಲರೆಯಲ್ಲೇ ಈ ಹುಡುಕಾಟ ಶುರು ಮಾಡಬಹುದು. ಮಕ್ಕಳಿಗಂತೂ ಇದು ತುಂಬಾ ಹಿಡಿಸುತ್ತದೆ.

ಈಗ ಡಬ್ಬಿಗೆ ಬನ್ನಿ. ಲಕ್ಷ್ಮೀ ಪೂಜೆಗೆ ಇಡುವಂಥ ದೊಡ್ಡ ಬೆಳ್ಳಿ ರೂಪಾಯಿ ಇದ್ದರೆ ಅದರಲ್ಲಿ ಯಾರ ಮುಖ ಇದೆ, ಇಸವಿ ಯಾವುದು ಅಂತ ಬರೆದುಕೊಳ್ಳಿ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ 11.66 ಗ್ರಾಂ ತೂಗಬೇಕು. ಸವೆದಿದ್ದರೆ ಕೊಂಚ ಕಡಿಮೆ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. 1947ರ ರೂಪಾಯಿ ಅಂಟಿದರೆ ಗಾಬರಿಯಾಗಬೇಡಿ, ಅದು ನಿಕ್ಕಲ್. ಸರಕ್ಕೆ ಪೋಣಿಸಲು ಬೆಸುಗೆ ಹಾಕಿದ ಗುರುತಿದ್ದರೆ ಮಾತ್ರ ಸಾಮಾನ್ಯವಾಗಿ ಬೆಳ್ಳಿಯ ಬೆಲೆಯಷ್ಟೇ ಸಿಗುತ್ತದೆ.

ಇಸವಿ ಎಷ್ಟು ಮುಖ್ಯ ಅನ್ನುವುದಕ್ಕೆ 1911ರ ರೂಪಾಯಿ ನೋಡಿ. ಐದನೇ ಜಾರ್ಜ್ ಮೈಮೇಲಿನ ನಿಲುವಂಗಿಯಲ್ಲಿ ಒಂದು ಪುಟಾಣಿ ಆನೆ ಇದೆ. ಕೆತ್ತಿದವರು ಸೊಂಡಿಲನ್ನು ಎಷ್ಟು ಗಿಡ್ಡ ಮಾಡಿದರೆಂದರೆ ಜನಕ್ಕೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸರ್ಕಾರ ಆ ನಾಣ್ಯ ಹಂಚುವುದನ್ನು ನಿಲ್ಲಿಸಿತು, ಉಳಿದದ್ದನ್ನು ಬಹುಪಾಲು ಕರಗಿಸಿತು. 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವ ಹೊಸ ಅಚ್ಚು ಬಂತು. ಹಾಗಾಗಿ 1911 ಮತ್ತು 1912ರ ರೂಪಾಯಿಗಳು ಪಕ್ಕಪಕ್ಕ ಇದ್ದರೆ ಬೆಲೆ ಒಂದೇ ಅಲ್ಲ. ವ್ಯತ್ಯಾಸ ಇರುವುದೆಲ್ಲ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಆನೆಯಲ್ಲಿ!

ಒಂದು ಪಕ್ಕ ಈಸ್ಟ್ ಇಂಡಿಯಾ ಕಂಪನಿ, 1818 ಅಂತಲೂ ಇನ್ನೊಂದು ಪಕ್ಕ ರಾಮ ಸೀತೆ ಅಥವಾ ಹನುಮಂತನೂ ಇರುವ ತಾಮ್ರದ ನಾಣ್ಯ ಸಿಕ್ಕರೆ ಆಸೆ ಇಟ್ಟುಕೊಳ್ಳಬೇಡಿ. ಅವು ಆಮೇಲೆ ಯಾರೋ ಮಾಡಿ ಮಾರಿದ ಬಿಲ್ಲೆಗಳು. ಕಂಪನಿ ಮದ್ರಾಸಿನಲ್ಲಿ ವಿಷ್ಣುವಿನ ಚಿತ್ರದ, ವರಹ ಅನ್ನುವ ನಾಣ್ಯ ಅಚ್ಚು ಹಾಕಿಸಿದ್ದು ನಿಜವೇ, ಆದರೆ ಅವು ಪುಟ್ಟ ಚಿನ್ನದ ನಾಣ್ಯಗಳು. ದೇವರ ಕೋಣೆಯಲ್ಲಿ ಇಟ್ಟಿದ್ದರೆ ಇರಲಿ, ದುಡ್ಡು ಕೊಟ್ಟು ಮಾತ್ರ ಕೊಳ್ಳಬೇಡಿ.

ಬೆಲೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಹಳೆಯದು ಅಂದ ಮಾತ್ರಕ್ಕೆ ದುಬಾರಿ ಅಲ್ಲ. ಎಷ್ಟು ಉಳಿದಿವೆ, ಎಷ್ಟು ಸವೆದಿದೆ, ಕೇಳುವವರಿದ್ದಾರಾ, ಈ ಮೂರರ ಮೇಲೆ ಬೆಲೆ ನಿಲ್ಲುತ್ತದೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷಾಂತರ ಕೊಡುತ್ತೇವೆ ಅನ್ನುವ ಮೆಸೇಜು ನಿಮಗೂ ಬಂದಿರಬಹುದು. ಕೊಡುವ ಮುಂಚೆ ಶುಲ್ಕ, ಕಮಿಷನ್ ಅಂತ ನಿಮ್ಮಿಂದಲೇ ಹಣ ಕೇಳುತ್ತಾರೆ. ತನ್ನ ಹೆಸರು ಹೇಳಿಕೊಂಡು ಹೀಗೆ ವಸೂಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಒಪ್ಪಿಸಿಲ್ಲ ಅಂತಲೂ ಹೇಳಿದೆ.

ಸಂಗ್ರಹಕ್ಕೆ ಮೊದಲ ಗುರಿ ಯಾವುದು ಅಂತ ಕೇಳಿದರೆ ನಾನು ನಯಾ ಪೈಸೆ ಅನ್ನುತ್ತೇನೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂತು. 1964ರಲ್ಲಿ ‘ನಯಾ’ ಪದ ಬಿಟ್ಟರು. ಅಷ್ಟೇ ವರ್ಷಗಳ ಸಾಲು, ಮುಗಿಸಲು ಆಗುವಂಥದ್ದು. ಎರಡು ಪೈಸೆಗೆ ಅಲೆಅಲೆಯ ಅಂಚು, ಐದು ಪೈಸೆ ಚೌಕ. ಜನ ಹೊಸ ಲೆಕ್ಕದಲ್ಲಿ ತಬ್ಬಿಬ್ಬಾಗದಿರಲಿ ಅಂತ ‘ರೂಪಾಯಿಯ ನೂರನೇ ಭಾಗ’ ಎಂದು ಹಿಂದಿಯಲ್ಲಿ ಒಂದು ಪೈಸೆಯ ಮೇಲೇ ಬರೆದಿದ್ದಾರೆ. ಎಷ್ಟು ಕಾಳಜಿ ಅಲ್ವಾ? ಇವುಗಳಲ್ಲಿ ಹೆಚ್ಚಿನವು ಇವತ್ತೂ ಅಗ್ಗಕ್ಕೆ ಸಿಗುತ್ತವೆ. ಒಂದೊಂದನ್ನೂ ಸಣ್ಣ ಕಾಗದದ ಕವರಿನಲ್ಲಿ ಹಾಕಿ, ಇಸವಿ ಮತ್ತು ಟಂಕಸಾಲೆ ಬರೆದಿಡಿ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಬೇಡ, ಕ್ರಮೇಣ ಅಂಟು ಬಿಟ್ಟು ನಾಣ್ಯ ಹಸಿರಾಗುತ್ತದೆ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರದ ಕಾಸು, ಟಿಪ್ಪುವಿನ ಆನೆ ಚಿತ್ರದ ತಾಮ್ರದ ನಾಣ್ಯ ಯಾರನ್ನಾದರೂ ಸೆಳೆಯುತ್ತವೆ. ಆದರೆ ನಕಲಿಯೂ ಇರುವುದರಿಂದ ಕಣ್ಣು ಪಳಗುವ ತನಕ ತಡೆಯಿರಿ. ಆಮೇಲೂ ಬಿಲ್ ಕೊಡುವ, ನಕಲಿಯಾದರೆ ವಾಪಸ್ ತೆಗೆದುಕೊಳ್ಳುವ ವ್ಯಾಪಾರಿಯ ಹತ್ತಿರವೇ ಕೊಳ್ಳಿ. ಹೊಲದಲ್ಲಿ ಸಿಕ್ಕಿದ್ದು ಅಂತ ಯಾರಾದರೂ ಗುಟ್ಟಾಗಿ ತಂದುಕೊಟ್ಟರೆ ಮುಟ್ಟಲೇಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನೇ ಇದೆ.